ಬಣ್ಣ ಬರಬಾರದ ಸಾಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಂಶೋಧನಾಲಯದ ನೆಲಮಹಡಿಯ ಕೊನೆಯ ಕೋಣೆಯಲ್ಲಿ ಹೆಂಗಸೊಬ್ಬರು ಆಳೆತ್ತರದ ಓವನ್ನಿನ ಬಾಗಿಲಿಗೆ ಕೈಯ ಹಿಂಭಾಗ ತಾಗಿಸಿ ನಿಂತಿದ್ದಾರೆ, ಮಲಗಿದ ಮಗುವಿನ ಜ್ವರ ನೋಡುವ ಹಾಗೆ. ನಿನ್ನೆ ಸಂಜೆ ಅವರೇ ಗುಂಡಿ ಒತ್ತಿ ಹೋದದ್ದು. ಇನ್ನೂರೈವತ್ತು ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾದು, ಆಮೇಲೆ ತಾನಾಗಿ ಆರಿ, ಈಗ ಬೆಚ್ಚಗಿದೆ.

"ಇನ್ನೊಂದು ಸ್ವಲ್ಪ ಹೊತ್ತು ಇರಲಿ" ಎನ್ನುತ್ತಾರೆ. "ಅವಸರ ಮಾಡಿ ತೆಗೆದ್ರೆ ಟಪ್ ಅಂತ ಸೀಳಿಬಿಡುತ್ತೆ. ನಮ್ಮ ಅರ್ಜೆಂಟು ಗಾಜಿಗೆ ಗೊತ್ತಾಗಲ್ಲ."

ಆದರೆ ಇವತ್ತು ಅರ್ಜೆಂಟು ಅವರಿಗೇ ಜಾಸ್ತಿ. ಮಧ್ಯಾಹ್ನ ಮೂರನೇ ಮಹಡಿಯಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯೊಂದರಲ್ಲಿ ಬಣ್ಣ ಬರುತ್ತದೋ ಇಲ್ಲವೋ ಎಂದು ನೋಡಲಿದ್ದಾರೆ. ಬಂದರೆ ಒಂದು ಔಷಧದ ಕೆಲಸ ಮುಂದಿನ ಹೆಜ್ಜೆ ಇಡುತ್ತದೆ. ಬರದಿದ್ದರೆ ಅಲ್ಲಿಗೆ ಮುಗಿಯಿತು, ಕಡತ ಕಟ್ಟಿಡುವುದೇ. ಅದೇ ತಟ್ಟೆಯಲ್ಲಿ ಬಣ್ಣ ಬರಲೇಬಾರದ ಒಂದು ಸಾಲೂ ಇದೆ. ಅದು ಇವರ ಸಾಲು. "ರಾತ್ರಿಯೆಲ್ಲ ಮಗ್ಗುಲು ಬದಲಾಯಿಸಿದ್ದೇ ಆಯ್ತು. ನಮ್ಮವರು ಬೈದ್ರು, ನೀನು ಮಲಗಲ್ಲ, ಮಲಗೋರಿಗೂ ಬಿಡಲ್ಲ ಅಂತ."

ಮೂರು ಮಹಡಿಯಲ್ಲಿ ಯಾರನ್ನು ಕೇಳಿದರೂ ಇವರ ಹೆಸರು ಹೇಳುವುದಿಲ್ಲ, 'ಬಾಟಲಿ ಅಕ್ಕ' ಎನ್ನುತ್ತಾರೆ. ಎದುರಿಗೆ ಬರೀ 'ಅಕ್ಕ'. ಅವರಿಗಿಂತ ಹಿರಿಯರಾದ ನಿರ್ದೇಶಕರಿಗೂ ಅಕ್ಕ, ಬಾಗಿಲು ಕಾಯುವವರಿಗೂ ಅಕ್ಕ. ಅವರ ಕೆಲಸ ಸಂಶೋಧನಾಲಯದ ಗಾಜು ತೊಳೆಯುವುದು. ಬಾಟಲಿ, ಬೀಕರ್, ಫ್ಲಾಸ್ಕ್, ಅಳತೆಯ ಕೊಳವೆ, ಎಲ್ಲ ಸೇರಿ ದಿನಕ್ಕೆ ಇನ್ನೂರರ ಆಸುಪಾಸು. ಸೋಪಿನ ನೀರಲ್ಲಿ ನೆನೆಹಾಕಿ, ಬ್ರಷ್ಷಿನಿಂದ ಉಜ್ಜಿ, ನಲ್ಲಿ ನೀರಲ್ಲಿ ಜಾಲಿಸಿ, ಶುದ್ಧೀಕರಿಸಿದ ನೀರಲ್ಲಿ ಮತ್ತೆ ಜಾಲಿಸಿ, ಬೋರಲು ಹಾಕಿ ಒಣಗಿಸಿ, ಬಾಯಿಗೆ ಬೆಳ್ಳಿ ಬಣ್ಣದ ಹಾಳೆ ಸುತ್ತಿ, ಕೊನೆಗೆ ಓವನ್ನು. ಪ್ಲಾಸ್ಟಿಕ್ ಮುಚ್ಚಳಗಳು ಆ ಕಾವಿಗೆ ಕರಗಿಹೋಗುವುದರಿಂದ ಅವಕ್ಕೆ ಬೇರೆಯೇ ಉಪಚಾರ. ಕೆಲಸಕ್ಕೆ ಬಂದ ಕೂಡಲೇ ಬೆರಳಿನ ಉಂಗುರ ಕಳಚಿ ಕಿಟಕಿಯ ಗೂಟಕ್ಕೆ ಸಿಕ್ಕಿಸುತ್ತಾರೆ. ಕೈಗವಸು ಹಾಕಿದರೂ ಸೋಪು ಎಲ್ಲಿಂದಲೋ ಒಳಗೆ ನುಸುಳಿ ಬೆರಳ ಸಂದುಗಳೆಲ್ಲ ಬಿರಿದಿವೆ.

"ಇಷ್ಟು ತೊಳೆದು ಮನೆಗೆ ಹೋದ ಮೇಲೆ ಒಂದು ಲೋಟ ತೊಳೆಯೋಕೂ ನನ್ನ ಕೈಲಿ ಆಗಲ್ಲ" ಎಂದು ನಗುತ್ತಾರೆ. "ನಮ್ಮನೇಲಿ ಪಾತ್ರೆ ನಮ್ಮವರದ್ದೇ." ಲಿಫ್ಟ್ ರಿಪೇರಿ ಮಾಡುವ ಅವರ ಯಜಮಾನರು ಇದಕ್ಕೆ ಬೇರೆಯೇ ಕಾರಣ ಕೊಡುತ್ತಾರೆ: "ಅವಳು ತೊಳೆಯೋಕೆ ನಿಂತ್ರೆ ಒಂದು ತಟ್ಟೆಗೆ ಅರ್ಧ ಗಂಟೆ. ನಮಗೆ ಊಟ ಯಾವಾಗ?"

ಇಲ್ಲಿಗೆ ಬರುವ ಮೊದಲು ಅಕ್ಕ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿದ್ದರು. ಅಲ್ಲಿ ಒಂದೇ ನಿಯಮ. ಕಲೆ ಉಳಿದ ಬಟ್ಟೆ ವಾಪಸ್ ಬರುತ್ತಿತ್ತು, ಅದರ ಹಿಂದೆಯೇ ಬೈಗುಳ. ಹೊದಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡದೆ ಮಡಿಸಿದ್ದೇ ಇಲ್ಲವಂತೆ. ಆ ಅಭ್ಯಾಸ ಇಲ್ಲಿಗೂ ಬಂತು. ಈಗಲೂ ಓವನ್ನಿಂದ ತೆಗೆದ ಒಂದೊಂದು ಬಾಟಲಿಯನ್ನೂ ಸೈಕಲ್ ನಿಲ್ಲಿಸುವ ಜಾಗದ ಕಡೆಗಿರುವ ಕಿಟಕಿಗೆ ಎತ್ತಿ ಹಿಡಿದು, ಒಂದು ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಒಳ್ಳೆಯ ಅಭ್ಯಾಸವೇ. ಕಳೆದ ವರ್ಷ ಮೂರನೇ ಮಹಡಿಯ ಸಂತೋಷವನ್ನು ನುಂಗಿ ನೀರು ಕುಡಿದದ್ದೂ ಇದೇ ಅಭ್ಯಾಸ.

ಆ ಕಥೆಗೆ ಮೊದಲು ಮೂರನೇ ಮಹಡಿಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಬೇಕು. ನಮ್ಮ ದೇಹದಲ್ಲಿ ಕಾವಲು ಕೋಶಗಳಿವೆ. ರೋಗಾಣು ಬಂದರೆ ಗುರುತು ಹಿಡಿದು ಕೂಗೆಬ್ಬಿಸುವುದು ಅವುಗಳ ಕೆಲಸ. ಕ್ಯಾನ್ಸರ್ ಗಡ್ಡೆಯ ಪಕ್ಕದಲ್ಲಿ ಮಾತ್ರ ಎಷ್ಟೋ ಸಲ ಇವು ತೂಕಡಿಸುತ್ತ ಕೂತುಬಿಡುತ್ತವೆ. ಅವನ್ನು ಎಚ್ಚರಿಸಬಲ್ಲ ಪುಟ್ಟ ಅಣುಗಳು ಇವೆ. ಆದರೆ ಅವನ್ನು ಹಾಗೇ ಬಿಟ್ಟರೆ ದಾರಿಯಲ್ಲೇ ಚೂರಾಗುತ್ತವೆ, ಇಲ್ಲವೇ ಎಚ್ಚರಿಸಬಾರದ ಕಡೆಯೆಲ್ಲ ಎಚ್ಚರಿಸಿ ಮೈಯೆಲ್ಲ ಜ್ವರವೇಳಿಸುತ್ತವೆ. ಕಾವಲು ಕೋಶದ ಒಳಗೇ ಅವನ್ನು ತಲುಪಿಸುವುದು ಹೇಗೆ ಎನ್ನುವುದು ಇಲ್ಲಿನ ಸಂಶೋಧಕಿಯೊಬ್ಬರ ಹುಡುಕಾಟ. ಅದಕ್ಕೆ ಅವರು ಹಿಡಿದ ದಾರಿ ಡಿಎನ್‌ಎ.

"ಡಿಎನ್‌ಎ ಅಂದ್ರೆ ಜೀವದ ಬರಹ ಅಂತ ಓದಿರ್ತೀರಿ. ನಾವು ಅದನ್ನ ಓದೋದಿಲ್ಲ, ಮಡಿಸ್ತೀವಿ ಅಷ್ಟೇ" ಎನ್ನುತ್ತಾರೆ ಸಂಶೋಧಕಿ. "ಒಂದು ಉದ್ದ ಎಳೆ, ಅದನ್ನ ಅಲ್ಲಲ್ಲಿ ಹಿಡಿದು ಕಟ್ಟೋಕೆ ನೂರಾರು ಗಿಡ್ಡ ಎಳೆಗಳು. ಉಪ್ಪಿನ ದ್ರಾವಣದಲ್ಲಿ ಬಿಸಿ ಮಾಡಿ ನಿಧಾನಕ್ಕೆ ಆರಿಸಿದ್ರೆ ತಾವಾಗೇ ಸೇರಿ ಪೆಟ್ಟಿಗೆ ಆಗುತ್ತೆ. ಕಣ್ಣಿಗೆ ಕಾಣಲ್ಲ, ಅಷ್ಟು ಸಣ್ಣದು. ಎಚ್ಚರಿಸೋ ಅಣುಗಳನ್ನ ಅದಕ್ಕೆ ಅಂಟಿಸಿ ಕೊಟ್ರೆ ಕೋಶ ಪೆಟ್ಟಿಗೆ ಸಮೇತ ನುಂಗುತ್ತೆ."

ನುಂಗಿದ ಕೋಶ ಎಚ್ಚೆತ್ತಿತೋ ಇಲ್ಲವೋ ಎಂದು ತಿಳಿಯುವುದು ಬಣ್ಣದಿಂದ. ಎಚ್ಚೆತ್ತ ಕೋಶ ಒಂದು ಪದಾರ್ಥವನ್ನು ಹೊರಬಿಡುತ್ತದೆ. ಕೋಶಗಳ ಸುತ್ತಲಿನ ದ್ರವವನ್ನು ತೆಗೆದು, ಪುಟ್ಟ ಪುಟ್ಟ ಕುಳಿಗಳಿರುವ ತಟ್ಟೆಗೆ ಹಾಕಿ ಪರೀಕ್ಷೆ ಮಾಡಿದರೆ ಆ ಪದಾರ್ಥ ಇರುವ ಕುಳಿಗಳು ಹಳದಿಯಾಗುತ್ತವೆ. ಕೋಶ ಮಲಗೇ ಇದ್ದರೆ ಕುಳಿ ನೀರಿನಂತೆ ತಿಳಿಯಾಗಿ ಉಳಿಯುತ್ತದೆ.

ಕಳೆದ ವರ್ಷ ಒಂದು ಮಧ್ಯಾಹ್ನ ಆ ತಟ್ಟೆ ಹಳದಿಯಾಯಿತು. ಅಂತಿಂಥ ಹಳದಿಯಲ್ಲ, ಕಣ್ಣು ಕುಕ್ಕುವ ಹಳದಿ. ಪೆಟ್ಟಿಗೆ ಇಲ್ಲದೆ ಕೊಟ್ಟ ಅಣುಗಳ ಸಾಲು ಪೇಲವವಾಗಿತ್ತು, ಪೆಟ್ಟಿಗೆಯಲ್ಲಿ ಕೊಟ್ಟ ಸಾಲು ಧಗಧಗ ಎನ್ನುತ್ತಿತ್ತು. ಖಾಲಿ ಪೆಟ್ಟಿಗೆಯ ಸಾಲಿಗೂ ಸಾಕಷ್ಟು ಬಣ್ಣ ಬಂದಿತ್ತು. ಪೆಟ್ಟಿಗೆಯೇ ಕೋಶವನ್ನು ಕೆಣಕುತ್ತದೆ, ಒಳ್ಳೆಯದೇ ಆಯಿತಲ್ಲ ಎಂದುಕೊಂಡರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಓದಿದವರಿಗೂ ತಪ್ಪಿದ್ದಲ್ಲ. ಮರುದಿನ ಸಂಜೆ ಸಿಹಿ ತರಿಸಿದರು. ಎಲ್ಲರನ್ನೂ ಕರೆದರು, ನೆಲಮಹಡಿಯ ಅಕ್ಕನನ್ನೂ ಕರೆದರು.

ಮುಂದಿನದ್ದನ್ನು ಅಕ್ಕ ಒಣಗಿಸುವ ಹಲಗೆಗೆ ಬಾಟಲಿ ಸಿಕ್ಕಿಸುತ್ತಲೇ ಹೇಳುತ್ತಾರೆ, ಬರೆದುಕೊಳ್ಳಲು ಬಂದ ನಮ್ಮ ಕಡೆ ತಿರುಗದೆ.

"ನನಗೂ ಖುಷಿ ಆಗಿತ್ತು. ಎಲ್ಲರೂ ಒಬ್ಬರನ್ನೊಬ್ಬರು ಹೊಗಳ್ತಾ ಇದ್ರು. ನನ್ನದೂ ಒಂದು ಮಾತು ಇರಲಿ ಅಂತ ಬಾಯಿಬಿಟ್ಟೆ. ಮೇಡಂ, ಈ ಸಲದ ಬಾಟಲಿಗೆ ನಾನೂ ಸ್ಪೆಷಲ್ಲಾಗಿ ದುಡಿದಿದ್ದೀನಿ. ಓವನ್ನಿಂದ ತೆಗೆದಾಗ ಬಿಳಿ ಬಿಳಿ ಕಲೆ ಇತ್ತು, ಹಾಗೇ ಕೊಡೋಕೆ ಮನಸ್ಸು ಬರಲಿಲ್ಲ. ಎಲ್ಲವನ್ನೂ ಇನ್ನೊಂದು ಸಲ ತೊಳೆದು, ಕುಕ್ಕರಲ್ಲಿ ಇಟ್ಟು, ಫಳಫಳ ಮಾಡಿ ಕೊಟ್ಟೆ ಅಂದೆ. ನಾನು ಜಂಬ ಕೊಚ್ಚಿಕೊಂಡಿದ್ದು. ಮೇಡಂ ಸಿಹಿ ಬಾಯಿಗೆ ಇಡೋಳು ಕೈ ಹಾಗೇ ನಿಲ್ಲಿಸಿದ್ಳು. 'ಆಮೇಲೆ ಮತ್ತೆ ಓವನ್ನಿಗೆ ಇಟ್ರಾ ಅಕ್ಕ?' ಅಂದ್ಳು. ಇಲ್ಲ ಮೇಡಂ, ಓವನ್ನು ಬೇರೆಯವರಿಗೆ ಬೇಕಿತ್ತು ಅಂದೆ. ಆ ಹುಡುಗಿ ಮುಖ ನೋಡೋಕಾಗಲಿಲ್ಲ."

ಕುಕ್ಕರ್ ಎಂದರೆ ಹಬೆಯಿಂದ ಕಾಯಿಸುವ ದೊಡ್ಡ ಯಂತ್ರ. ಅದು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಆದರೆ ಸತ್ತ ಬ್ಯಾಕ್ಟೀರಿಯಾದ ಹೊದಿಕೆಯ ಚೂರುಗಳು ಗಾಜಿಗೆ ಅಂಟಿಕೊಂಡೇ ಇರುತ್ತವೆ. ಬೇರೆ ಪ್ರಯೋಗಗಳಿಗೆ ಅದರಿಂದ ಅಷ್ಟೇನೂ ತೊಂದರೆ ಇಲ್ಲ. ಕಾವಲು ಕೋಶಗಳಿಗೆ ಮಾತ್ರ ಸತ್ತ ಶತ್ರುವಿನ ಚೂರು ಸಿಕ್ಕರೂ ಸಾಕು, ಕೂಗೆಬ್ಬಿಸುತ್ತವೆ. ಆ ಚೂರುಗಳನ್ನು ಸುಟ್ಟು ಬೂದಿ ಮಾಡುವುದಕ್ಕೇ ಓವನ್ನು ಇರುವುದು. ಅಕ್ಕ ಅಳಿಸಲು ಹೋದ ಬಿಳಿ ಕಲೆ ಬರೀ ನೀರಿನ ಲವಣ, ಅದರಿಂದ ಯಾವ ಹಾನಿಯೂ ಇರಲಿಲ್ಲ. ಮತ್ತೆ ತೊಳೆದ ನೀರಿನ ಜೊತೆ ಬಂದ ಕಣ್ಣಿಗೆ ಕಾಣದ್ದೇ ಕೆಡಿಸಿತು. ಪೆಟ್ಟಿಗೆ ಮಡಿಸುವ ಉಪ್ಪಿನ ದ್ರಾವಣ ತಯಾರಾದದ್ದು ಆ ಫಳಫಳ ಬಾಟಲಿಗಳಲ್ಲೇ. ಪೆಟ್ಟಿಗೆ ಇಲ್ಲದ ಸಾಲುಗಳಿಗೆ ಬಳಸಿದ್ದು ಹೊರಗಿನಿಂದ ಕೊಂಡ ನೀರು. ಹಾಗಾಗಿ ಪೆಟ್ಟಿಗೆ ಇದ್ದ ಕಡೆಯೆಲ್ಲ ಬಣ್ಣ ಬಂತು, ಇಲ್ಲದ ಕಡೆ ಬರಲಿಲ್ಲ. ಎಲ್ಲರೂ ಏನು ಬಯಸಿದ್ದರೋ ತಟ್ಟೆ ಅದನ್ನೇ ತೋರಿಸಿತ್ತು. ಅತಿಯಾದರೆ ಅಮೃತವೂ ವಿಷ ಎನ್ನುತ್ತಾರಲ್ಲ, ಇಲ್ಲಿ ಅತಿಯಾದದ್ದು ಶುಚಿ.

ಮರುದಿನ ಆ ಬಾಟಲಿಗಳಲ್ಲಿ ಬರೀ ನೀರು ಕುಲುಕಿ ಕೋಶಗಳಿಗೆ ಹಾಕಿದರು. ಔಷಧವೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಕುಳಿಗಳು ಹಳದಿಯಾದವು. ವರ್ಷಗಟ್ಟಲೆಯ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಪ್ರಕಟಣೆಗೆಂದು ಬರೆಯಲು ಶುರುಮಾಡಿದ್ದ ಲೇಖನವನ್ನು ಸಂಶೋಧಕಿ ತಾವೇ ಬದಿಗಿಟ್ಟರು. ಆ ವಾರ ಅವರು ತೊಳೆಯುವ ಕೋಣೆಯ ಕಡೆ ಸುಳಿಯಲಿಲ್ಲ. ಮೆಟ್ಟಿಲಲ್ಲಿ ಎದುರಾದರೂ ಮಾತಿಲ್ಲ.

"ಬೈದಿದ್ರೆ ತಡ್ಕೋಬಹುದಿತ್ತು" ಎನ್ನುತ್ತಾರೆ ಅಕ್ಕ. "ಸುಮ್ನಿದ್ರೆ ಏನು ಮಾಡೋದು? ದೊಡ್ಡ ಸರ್ ಹತ್ರ ಹೋಗಿ, ನಾಳೆಯಿಂದ ಬರಲ್ಲ, ಹೊಟ್ಟೆಗೆ ಹಾಕ್ಕೊಳ್ಳಿ ಅಂದೆ."

ದೊಡ್ಡ ಸರ್ ಎಂದರೆ ವಿಭಾಗದ ಮುಖ್ಯಸ್ಥರು. ಮಾತು ಕಡಿಮೆ, ಕನ್ನಡಕ ಒರೆಸುವುದು ಜಾಸ್ತಿ. ಅವತ್ತಿನ ಬಗ್ಗೆ ಕೇಳಿದರೆ ಈಗಲೂ ಕನ್ನಡಕ ತೆಗೆಯುತ್ತಾರೆ. "ಓವನ್ನಿಗೆ ಇಡಿ ಅಂತ ನಾವು ಹೇಳಿದ್ವಿ. ಯಾಕೆ ಇಡಬೇಕು ಅಂತ ಒಬ್ಬರೂ ಹೇಳಿರಲಿಲ್ಲ. ಅಷ್ಟು ವರ್ಷದಲ್ಲಿ ಒಬ್ಬರೂ. ಅವರನ್ನ ಕಳಿಸಿ ಇನ್ನೊಬ್ಬರನ್ನ ತಂದು ಅವರಿಗೂ ಹೇಳದೆ ಇರೋದರಲ್ಲಿ ಏನರ್ಥ? ಇನ್ನೊಂದು ವಿಷಯ. ಅವತ್ತು ಅವರು ಬಾಯಿಬಿಡದೆ ಇದ್ದಿದ್ರೆ ಆ ಸುಳ್ಳು ಹಳದಿ ನಂಬಿಕೊಂಡು ನಾವು ಎಲ್ಲಿವರೆಗೆ ಹೋಗ್ತಿದ್ವೋ!"

ಅದಕ್ಕೆ ಅಕ್ಕನದು ತಕ್ಷಣದ ತಿದ್ದುಪಡಿ. "ನಾನೇನು ಸತ್ಯ ಹೇಳೋಕೆ ಬಾಯಿಬಿಟ್ಟಿದ್ದಲ್ಲ. ಹೊಗಳಲಿ ಅಂತ ಬಿಟ್ಟಿದ್ದು. ಅದನ್ನ ಬರೀರಿ, ಇಲ್ಲದ್ದು ಹಚ್ಚಬೇಡಿ."

ಆಫೀಸಿನದ್ದು ಹೀಗಾದರೆ ಮನೆಯದ್ದು ನುಂಗಲಾರದ ತುತ್ತು. ಅಕ್ಕನ ಅತ್ತೆಗೆ ಸ್ತನದಲ್ಲಿ ಗಡ್ಡೆಯಾಗಿ ಶಸ್ತ್ರಚಿಕಿತ್ಸೆ ಆಗಿತ್ತು. ಅದು ಮತ್ತೆ ತಲೆಯೆತ್ತಿದೆ, ಈ ಸಲ ಮೂಳೆಯಲ್ಲಿ. ಸಿಹಿ ಹಂಚುವ ಹಿಂದಿನ ದಿನ, ತಟ್ಟೆ ಹಳದಿಯಾದ ಸಂಜೆಯೇ, ಅಕ್ಕ ಓಡೋಡಿ ಮನೆಗೆ ಹೋಗಿ ಹೇಳಿದ್ದರು: ನಮ್ಮಲ್ಲಿ ಔಷಧಿ ಸಿಕ್ಕಿತು ಅತ್ತೆ, ಗಡ್ಡೆಗೆ. ಅತ್ತೆ ದಿಂಬಿನಿಂದ ತಲೆಯೆತ್ತಿ, "ನನಗೆ ಸಿಗುತ್ತೇನೇ?" ಎಂದು ಕೇಳಿದರು. "ಸಿಗದೆ ಏನು? ದೊಡ್ಡ ಸರ್‌ನ ಕೇಳ್ತೀನಿ" ಎಂದುಬಿಟ್ಟಿದ್ದರು ಸೊಸೆ. ಪ್ರಯೋಗಾಲಯದ ತಟ್ಟೆಯಿಂದ ರೋಗಿಯ ಹಾಸಿಗೆಗೆ ಎಷ್ಟು ವರ್ಷದ ದಾರಿ ಎಂದು ಆಗ ಅವರಿಗೆ ಗೊತ್ತಿರಲಿಲ್ಲ. ಅತ್ತೆ ಆವತ್ತು ರಾತ್ರಿ ಇನ್ನೊಂದು ತುತ್ತು ಹೆಚ್ಚಿಗೆ ತಿಂದರು.

ಎರಡೇ ದಿನಕ್ಕೆ ಆ ಮಾತನ್ನು ವಾಪಸ್ ತೆಗೆದುಕೊಳ್ಳಬೇಕಾಯಿತು. ಗಂಡನಿಗೆ ಹೇಳಿದರು, ನೀವೇ ಅಮ್ಮನಿಗೆ ಹೇಳಿಬಿಡಿ ಎಂದು ಬೇಡಿಕೊಂಡರು. "ನೀನು ಹೇಳಿದ್ದು, ನೀನೇ ಹೇಳು" ಎಂದು ಅವರು ಹೊರಗೆ ಹೋಗಿ ನಿಂತರು.

"ಅತ್ತೆ ಕಾಲ ಹತ್ರ ಕೂತು ಎಲ್ಲ ಹೇಳಿದೆ. ಬಾಟಲಿ, ಕಲೆ, ಕುಕ್ಕರು. ಆ ಬಣ್ಣ ಔಷಧಿದ್ದಲ್ಲ, ನನ್ನ ಬಾಟಲಿ ಕೊಳೇದು ಅಂದೆ. ಅದಕ್ಕೆ ಅತ್ತೆ, 'ಸುಳ್ಳು ಔಷಧಿ ಕುಡಿಸೋ ಮೊದಲು ಹೇಳಿದೆಯಲ್ಲ, ಬಿಡು. ಆದ್ರೆ ಇನ್ಮೇಲೆ ಬಣ್ಣ ಬಂತು ಅಂತ ಓಡಿ ಬರಬೇಡ ಕಣೇ. ಯಾರದ್ದು ಅಂತ ಕೇಳ್ಕೊಂಡು ಬಾ' ಅಂದ್ರು. ನಮ್ಮತ್ತೆ ಅಂಥೋರು. ಅಳೋದಕ್ಕೂ ಬಿಡಲ್ಲ."

ಒಂದು ಬೆಳಿಗ್ಗೆ ಸಂಶೋಧಕಿ ತಾವಾಗಿಯೇ ತೊಳೆಯುವ ಕೋಣೆಗೆ ಬಂದರು. ಕೂರಲು ಬೇರೇನೂ ಸಿಗದೆ ಸೋಪಿನ ಡಬ್ಬ ಬೋರಲು ಹಾಕಿಕೊಂಡು ಕೂತರು. ತಮ್ಮ ಕೆಲಸವನ್ನು ಮೊದಲಿನಿಂದ ವಿವರಿಸಿದರು: ಎಳೆ, ಪೆಟ್ಟಿಗೆ, ಕೋಶ, ಸತ್ತ ಬ್ಯಾಕ್ಟೀರಿಯಾದ ಚೂರು, ಓವನ್ನಿನ ಕಾವು. ಅಕ್ಕ ಕೈ ಒರೆಸಿಕೊಂಡು ನಿಂತೇ ಕೇಳಿದರು. ಕೊನೆಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದ್ರೆ ನನ್ನ ಬಾಟಲಿ ಚೆನ್ನಾಗಿದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು ಮೇಡಂ? ಕಣ್ಣಿಗೆ ಕಾಣಲ್ಲ ಅಂತೀರ."

ಆ ಸಾಲು ಹುಟ್ಟಿದ್ದು ಹೀಗೆ. ಈಗ ಪ್ರತಿ ತಟ್ಟೆಯಲ್ಲೂ ಮೊದಲ ಸಾಲಿನ ಕೋಶಗಳಿಗೆ ಅಕ್ಕನ ಬಾಟಲಿಯಲ್ಲಿ ತಯಾರಾದ ಬರೀ ಉಪ್ಪಿನ ದ್ರಾವಣ ಹೋಗುತ್ತದೆ, ಕೊಂಡ ನೀರಲ್ಲ. ಅದಕ್ಕೆ 'ಅಕ್ಕನ ಸಾಲು' ಎಂದೇ ಹೆಸರು. ಅದು ತಿಳಿಯಾಗಿದ್ದರೆ ಮಾತ್ರ ಉಳಿದ ಸಾಲುಗಳನ್ನು ನೋಡುತ್ತಾರೆ. ಇಲ್ಲದಿದ್ದರೆ ತಟ್ಟೆಯನ್ನೇ ಎಸೆಯುತ್ತಾರೆ. ಈಗ ಕಲೆ ಕಂಡರೂ ಅಕ್ಕ ಮುಟ್ಟುವುದಿಲ್ಲ. ಮುಟ್ಟಬೇಕು ಎನಿಸಿದಾಗ ಕೈಗಳನ್ನು ಹಿಂದೆ ಕಟ್ಟಿಕೊಂಡು ಕೋಣೆಯಲ್ಲಿ ಒಂದು ಸುತ್ತು ಹಾಕುತ್ತಾರಂತೆ.

ಮತ್ತೆ ಮೊದಲಿನಿಂದ ಶುರುಮಾಡುವುದು ಸುಲಭವಿರಲಿಲ್ಲ. ಎಳೆಗಳನ್ನು ಹೊಸದಾಗಿ ತರಿಸಬೇಕಿತ್ತು, ಅವು ಬರಲು ತಿಂಗಳುಗಳೇ ಹಿಡಿದವು. ಮೊದಲ ಪ್ರಯತ್ನದಲ್ಲಿ ಪೆಟ್ಟಿಗೆಗಳು ಬಿಚ್ಚಿಕೊಂಡವು, ಯಾವ ಕುಳಿಗೂ ಬಣ್ಣ ಬರಲಿಲ್ಲ. ದ್ರಾವಣದಲ್ಲಿ ಉಪ್ಪು ಕಡಿಮೆಯಾಗಿತ್ತು ಎಂದು ಗೊತ್ತಾಗುವವರೆಗೆ ಅಕ್ಕ ಜೀವ ಕೈಯಲ್ಲಿ ಹಿಡಿದುಕೊಂಡಿದ್ದರು. ಇವತ್ತಿನದು ಎರಡನೆಯದು. ಯೋಜನೆಯ ಅವಧಿ ಮುಗಿಯುತ್ತ ಬಂದಿದೆ. ಇದೂ ಕೈಕೊಟ್ಟರೆ ಮೂರನೆಯದಕ್ಕೆ ಅವಕಾಶ ಸಿಗುವ ಹಾಗೆ ಕಾಣುವುದಿಲ್ಲ. ಸಂಶೋಧಕಿಯ ಹುದ್ದೆಯೂ ಯೋಜನೆಯ ಜೊತೆಗೇ ಮುಗಿಯುತ್ತದೆ.

ಊಟದ ಹೊತ್ತಾದ ಮೇಲೆ ಅಕ್ಕ ಏಪ್ರನ್ ಬಿಚ್ಚಿ, ತಲೆ ಸವರಿಕೊಂಡು, ಮೂರನೇ ಮಹಡಿಗೆ ಹತ್ತುತ್ತಾರೆ. ಲಿಫ್ಟ್ ಇದೆ. "ಗಂಡ ರಿಪೇರಿ ಮಾಡೋದು ನೋಡಿದ್ದೀನಿ, ಅದಕ್ಕೇ ಹತ್ತಲ್ಲ." ನಗಿಸಲು ಹೇಳಿದ ಮಾತು, ಆದರೆ ಅವರ ಮುಖದಲ್ಲಿ ನಗುವಿಲ್ಲ.

ಮೇಜಿನ ಮೇಲೆ ಬಿಳಿ ಕಾಗದ, ಅದರ ಮೇಲೆ ತಟ್ಟೆ. ಸಂಶೋಧಕಿ ಕುಳಿಕುಳಿಗೂ ಕೊನೆಯ ದ್ರವಗಳನ್ನು ಹಾಕುತ್ತಿದ್ದಾರೆ. ದೊಡ್ಡ ಸರ್ ಹಿಂದೆ ನಿಂತು ಕನ್ನಡಕ ಒರೆಸುತ್ತಿದ್ದಾರೆ. ಬಣ್ಣ ಬರುವುದಾದರೆ ಮೊದಲು ನೀಲಿ, ಆಮೇಲೆ ಆಮ್ಲದ ಹನಿ ಬಿದ್ದಾಗ ಹಳದಿ. ಎಲ್ಲರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿರುವುದು ಕೊನೆಯ ಸಾಲನ್ನು, ಅಣುಗಳನ್ನು ಹೊತ್ತ ಪೆಟ್ಟಿಗೆಯ ಸಾಲನ್ನು. ಅಕ್ಕ ನೋಡುತ್ತಿರುವುದು ಮೊದಲ ಸಾಲನ್ನು. ಅಲ್ಲಿ ಏನೂ ಆಗುತ್ತಿಲ್ಲ. ಏನೂ ಆಗದ್ದನ್ನು ಅವರು ಉಸಿರು ಬಿಗಿಹಿಡಿದು ನೋಡುತ್ತಾರೆ.

ಕೊನೆಯ ಸಾಲಿನ ತಳದಲ್ಲಿ ಮಸುಕಾದ ನೀಲಿ ಮೂಡುತ್ತದೆ. ಮೂಡಿತೋ, ಕಣ್ಣಿನ ಭ್ರಮೆಯೋ ಎನ್ನುವಷ್ಟು ನಿಧಾನ. ಕ್ರಮೇಣ ಅದು ನಿಜವೇ ಎನಿಸುತ್ತದೆ. ಖಾಲಿ ಪೆಟ್ಟಿಗೆಯ ಸಾಲು ತಿಳಿ. ಪೆಟ್ಟಿಗೆ ಇಲ್ಲದ ಅಣುಗಳ ಸಾಲಿಗೆ ಹೆಸರಿಗೆ ಒಂದಿಷ್ಟು ಬಣ್ಣ. ಆಮ್ಲ ಬೀಳುತ್ತದೆ. ಕೊನೆಯ ಸಾಲು ಹಳದಿಯಾಗುತ್ತದೆ. ಕಳೆದ ವರ್ಷದ ಕಣ್ಣು ಕುಕ್ಕುವ ಹಳದಿಯಲ್ಲ, ಅದರ ಅರ್ಧವೂ ಇಲ್ಲ. ಆದರೆ ಆ ಸಾಲಿನ ಒಂದು ಕುಳಿಯೂ ತಪ್ಪಿಲ್ಲ. ಅಕ್ಕನ ಸಾಲು ನೀರಿನಂತೆ ತಿಳಿಯಾಗಿಯೇ ಇದೆ.

ಸಂಶೋಧಕಿ ತಟ್ಟೆಯನ್ನು ಮುಟ್ಟದೆ ಮೇಜಿನ ಅಂಚು ಹಿಡಿದು ನಿಲ್ಲುತ್ತಾರೆ. "ಕಡಿಮೆ ಇದೆ ಸರ್" ಎನ್ನುತ್ತಾರೆ. "ಇದೆ" ಎನ್ನುತ್ತಾರೆ ದೊಡ್ಡ ಸರ್, "ಯೋಜನೆ ಮುಂದುವರಿಸಿ ಅಂತ ಬರೆದು ಕಳಿಸೋಣ." ಅಷ್ಟು ಹೇಳಿ ಅವರು ಕಿಟಕಿಯ ಕಡೆ ತಿರುಗುತ್ತಾರೆ. ಸಂಶೋಧಕಿ ಅಕ್ಕನ ಭುಜಕ್ಕೆ ತಲೆಯಿಟ್ಟು ಅಳುತ್ತಾರೆ. ಅಕ್ಕ ಅವರ ಬೆನ್ನು ಸವರುತ್ತಾರೆ, ಬಿರಿದ ಬೆರಳು ಬಟ್ಟೆಗೆ ಸಿಕ್ಕಿಕೊಳ್ಳದ ಹಾಗೆ ಅಂಗೈಯಿಂದ. ಯಾರೂ ಸಿಹಿ ತರಿಸುವ ಮಾತು ಎತ್ತುವುದಿಲ್ಲ. ಇನ್ನೂ ಎರಡು ಸಲ ಇದೇ ಉತ್ತರ ಬರಬೇಕು, ಆಮೇಲೆ ಇಲಿಗಳ ಮೇಲೆ ಪರೀಕ್ಷೆ, ಆಮೇಲೆ ಇನ್ನೂ ಎಷ್ಟೆಷ್ಟೋ. ಅತ್ತೆಗೆ ಅಷ್ಟು ಸಮಯ ಇಲ್ಲ. ಅದು ಈಗ ಅಕ್ಕನಿಗೂ ಗೊತ್ತು, ಅತ್ತೆಗೂ ಗೊತ್ತು.

ಮೆಟ್ಟಿಲಿಳಿಯುವಾಗ ಫೋನ್ ಬಡಿದುಕೊಳ್ಳುತ್ತದೆ. ಅತ್ತೆಯದೇ. ಹಾಸಿಗೆ ಹಿಡಿದವರು, ಕಿವಿ ಮಂದ, ಫೋನಿನಲ್ಲಿ ಕೂಗಿಯೇ ಮಾತಾಡುವುದು. ನಮಗೂ ಕೇಳುತ್ತದೆ.

"ಏನಾಯ್ತೇ? ಬಂತಾ ಬಣ್ಣ?"

ಅಕ್ಕ ಎರಡನೇ ಮಹಡಿಯ ತಿರುವಿನಲ್ಲಿ ನಿಲ್ಲುತ್ತಾರೆ. ಗೋಡೆಗೆ ಒರಗಿ, ಫೋನನ್ನು ಬಾಯಿಗೆ ಹತ್ತಿರ ಹಿಡಿದು, ಒಂದೊಂದೇ ಮಾತನ್ನು ಬಿಡಿಸಿ ಹೇಳುತ್ತಾರೆ.

"ಬಂತು ಅತ್ತೆ. ಸ್ವಲ್ಪವೇ ಬಂತು. ಯಾರದ್ದು ಅಂತ ಕೇಳ್ಕೊಂಡೇ ಬಂದಿದ್ದೀನಿ. ಈ ಸಲ ಅದರಲ್ಲಿ ನನ್ನದು ಏನೂ ಇಲ್ಲ."